ಮ್ಯೂನಿಕ್‌ನಲ್ಲಿ 75,000 ಯೂರೋ, ಬೆಂಗಳೂರಲ್ಲಿ 32 ಲಕ್ಷ: ಲೆಕ್ಕ ಹಾಕೋದು ಹೇಗೆ?

ಬ್ಯಾಕೆಂಡ್_ಭಟ್ಟ

ಎಂಟು ವರ್ಷದ ಅನುಭವ, ಬ್ಯಾಕೆಂಡ್ ಕೆಲಸ. ಬ್ಲೂ ಕಾರ್ಡ್ (ನುರಿತ ಕೆಲಸಗಾರರಿಗೆ ಯುರೋಪಲ್ಲಿ ಕೊಡೋ ಪರವಾನಗಿ) ಮೇಲೆ ಜರ್ಮನಿಯ ಮ್ಯೂನಿಕ್‌ಗೆ ವರ್ಷಕ್ಕೆ 75,000 ಯೂರೋ ಆಫರ್ ಇದೆ. ಇಲ್ಲಿ ಸಿಟಿಸಿ 32 ಲಕ್ಷ: ಫಿಕ್ಸೆಡ್ 28, ಮಿಕ್ಕಿದ್ದು ವೇರಿಯಬಲ್, ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ. ಕೈಗೆ ತಿಂಗಳಿಗೆ 1.87 ಲಕ್ಷ. ಹೆಂಡತಿಯ ಸಂಬಳ ಕೈಗೆ 65 ಸಾವಿರ. ಮಗಳಿಗೆ 4 ವರ್ಷ. ಊರಲ್ಲಿರೋ ಅಪ್ಪ ಅಮ್ಮನಿಗೆ ಕಳಿಸೋ 15 ಸಾವಿರವೂ ಸೇರಿ ಮನೆಖರ್ಚು 1.30 ಲಕ್ಷ.

ಯೂರೋಗೆ 100 ರೂಪಾಯಿ ಅಂತ ಹಿಡಿದರೆ 75 ಲಕ್ಷ. ಪಿಪಿಪಿ (ಎರಡು ದೇಶಗಳ ಬೆಲೆಮಟ್ಟ ಹೋಲಿಸೋ) ಕ್ಯಾಲ್ಕುಲೇಟರ್‌ಗೆ ಹಾಕಿದರೆ ಈಗಿನದಕ್ಕಿಂತ ಕಮ್ಮಿ ಅಂತ ತೋರಿಸುತ್ತೆ. ಯಾವುದನ್ನ ನಂಬಲಿ? 80,000 ಕೇಳಿದರೆ ಸಾಕಾ?

ಇಸಾರ್_ದಂಡೆ

ಎರಡನ್ನೂ ಬಿಡಿ. ಪಿಪಿಪಿ ಇಡೀ ದೇಶದ ಸರಾಸರಿ ಬುಟ್ಟಿಯ ಲೆಕ್ಕ, ಮ್ಯೂನಿಕ್ ಬಾಡಿಗೆ ಅದಕ್ಕೆ ಗೊತ್ತಿಲ್ಲ. ಯೂರೋದಲ್ಲಿ ಬಂದದ್ದು ಯೂರೋದಲ್ಲೇ ಖರ್ಚಾಗಲಿ, ಕೊನೆಗೆ ಉಳಿದದ್ದನ್ನು ಮಾತ್ರ ರೂಪಾಯಿಗೆ ತಿರುಗಿಸಿ.

2025ರ ದರದಲ್ಲಿ ನೋಡೋಣ. ತಿಂಗಳಿಗೆ 6,250 ಒಟ್ಟು. ಪಿಂಚಣಿಗೆ 9.3%, ನಿರುದ್ಯೋಗ ವಿಮೆಗೆ 1.3%. ಆರೋಗ್ಯ ವಿಮೆಗೆ ಸುಮಾರು 8.55%, ಶುಶ್ರೂಷಾ ವಿಮೆಗೆ 1.8%, ಇವೆರಡು ವರ್ಷಕ್ಕೆ 66,150 ಯೂರೋ ಸಂಬಳದವರೆಗೆ ಮಾತ್ರ. ಇದಾದ ಮೇಲೆ ಆದಾಯ ತೆರಿಗೆ. ಹೆಂಡತಿ ಜೊತೆಗೆ ಬಂದು ಅವರಿಗೆ ಕೆಲಸ ಇಲ್ಲದಿದ್ದರೆ 3ನೇ ತೆರಿಗೆ ವರ್ಗ (ಮದುವೆ, ಸಂಗಾತಿಯ ಸಂಬಳ ನೋಡಿ ತಿಂಗಳ ಕಡಿತ ನಿರ್ಧರಿಸೋ ವರ್ಗ), ಕೈಗೆ ಸುಮಾರು 4,300. ನೀವೊಬ್ಬರೇ ಮೊದಲು ಬಂದರೆ 1ನೇ ವರ್ಗ, ಸುಮಾರು 3,800. ಮಗುವಿಗೆ ಸರ್ಕಾರ ಕೊಡೋ ಭತ್ಯೆ ಕಿಂಡರ್‌ಗೆಲ್ಡ್ 255 ಸೇರಿಸಿ, 4,555 ಅನ್ನಿ.

ಇನ್ನು ಖರ್ಚು. ಮೂರು ಕೋಣೆಯ ಮನೆ (ಹಾಲ್ ಸೇರಿ ಮೂರು, ನಮ್ಮ 2 ಬಿಎಚ್‌ಕೆ) ಕಾಲ್ಟ್‌ಮೀಟೆ (ಬರೀ ಬಾಡಿಗೆ) 1,700 ಆಸುಪಾಸು. ನೀರು, ಹೀಟಿಂಗ್, ಕಸ ಸೇರಿದ ವಾರ್ಮ್‌ಮೀಟೆ 2,050. ಜಾಹೀರಾತಲ್ಲಿ ದಪ್ಪಕ್ಷರದಲ್ಲಿ ಕಾಣೋದು ಹೆಚ್ಚಾಗಿ ಮೊದಲನೆಯದು, ಮೋಸಹೋಗಬೇಡಿ. ಕರೆಂಟು, ಇಂಟರ್ನೆಟ್ಟು, ಟಿವಿ ಇಲ್ಲದಿದ್ದರೂ ಕಟ್ಟಲೇಬೇಕಾದ 18.36ರ ಪ್ರಸಾರ ಶುಲ್ಕ: 140. ದಿನಸಿ 600. ಕಿಟಾ (ಶಿಶುವಿಹಾರ) 150. ಇಬ್ಬರಿಗೆ ಡಾಯ್ಚ್‌ಲ್ಯಾಂಡ್ ಟಿಕೆಟ್ (ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸ್) 2025ರ ದರದಲ್ಲಿ 116, ಮಗಳಿಗೆ 6 ತುಂಬೋವರೆಗೆ ಉಚಿತ. ಫೋನು, ಹಾಫ್ಟ್‌ಫ್ಲಿಷ್ಟ್ ವಿಮೆ (ನಮ್ಮಿಂದ ಬೇರೆಯವರಿಗೆ ಹಾನಿಯಾದರೆ ತುಂಬೋದು) 50. ಬಟ್ಟೆ, ಓಡಾಟ 250. ವರ್ಷಕ್ಕೊಂದು ಸಲ ಮೂವರೂ ಊರಿಗೆ ಬರೋ ಟಿಕೆಟ್‌ಗೆ ತಿಂಗಳಿಗೆ 250 ಎತ್ತಿಡಿ. ಅಪ್ಪ ಅಮ್ಮನಿಗೆ 150. ಒಟ್ಟು 3,756.

ಉಳಿಯೋದು 800, ಅಂದರೆ 80 ಸಾವಿರ ರೂಪಾಯಿ. ಬೆಂಗಳೂರಲ್ಲಿ ಇಬ್ಬರ ಸಂಬಳ 2.52 ಲಕ್ಷದಲ್ಲಿ ಖರ್ಚು ಕಳೆದು 1.22 ಲಕ್ಷ. ನಿಮ್ಮ ಎರಡೂ ಕಡೆಯ ಪಿಎಫ್ ಸುಮಾರು 22 ಸಾವಿರ ಇರಬೇಕು, ಅದೂ ಉಳಿತಾಯವೇ. ಒಟ್ಟು 1.44 ಲಕ್ಷ. ಒಂದೇ ಸಂಬಳದಲ್ಲಿ ಮ್ಯೂನಿಕ್ ನಿಮಗೆ ನಷ್ಟ.

ಸಂಬಳಚೀಟಿ

80,000 ಕೇಳಿ, ತಪ್ಪಿಲ್ಲ. 2025ರ ಮಿತಿಯಾದ 66,150 ದಾಟಿದ ಮೇಲಿನ ಹಣಕ್ಕೆ ಆರೋಗ್ಯ ವಿಮೆ ಕಡಿತ ಇಲ್ಲವಾದ್ದರಿಂದ ಆ 5,000ದಲ್ಲಿ ತಿಂಗಳಿಗೆ ಸುಮಾರು 260 ಕೈಗೆ ಸಿಗುತ್ತೆ. ಆದರೆ ಅದರಿಂದ ತಕ್ಕಡಿ ಏಳಲ್ಲ. ಏಳೋದು ನಿಮ್ಮ ಮನೆಯವರಿಗೆ ಕೆಲಸ ಸಿಕ್ಕರೆ. ವರ್ಷಕ್ಕೆ 30,000 ಯೂರೋದ ಅರೆಕಾಲಿಕ ಕೆಲಸವಾದರೂ, ತೆರಿಗೆ ಎಲ್ಲ ಕಳೆದು ಮನೆಗೆ ತಿಂಗಳಿಗೆ 1,350ರಷ್ಟು ಹೆಚ್ಚು ಬರುತ್ತೆ. ಆಗ ಉಳಿಕೆ 2,000 ದಾಟಿತು, ಬೆಂಗಳೂರು ಹಿಂದೆ ಬಿತ್ತು.

ಬ್ಲೂ ಕಾರ್ಡ್‌ನವರ ಸಂಗಾತಿಗೆ ಬಂದ ದಿನದಿಂದ ಕೆಲಸ ಮಾಡೋ ಅನುಮತಿ ಇದೆ. ವೀಸಾಗೆ ಜರ್ಮನ್ ಪರೀಕ್ಷೆಯೂ ಬೇಡ. ಅನುಮತಿ ಇದ್ದ ಮಾತ್ರಕ್ಕೆ ಕೆಲಸ ಸಿಗಲ್ಲ ಅನ್ನೋದು ಬೇರೆ ಮಾತು. ಅವರದ್ದೂ ಸಾಫ್ಟ್‌ವೇರ್ ಆದರೆ ಇಂಗ್ಲಿಷಲ್ಲೇ ಸಾಗಬಹುದು. ಟೀಚರ್, ಎಚ್‌ಆರ್, ಅಕೌಂಟ್ಸ್ ಆದರೆ ಜರ್ಮನ್ ಭಾಷೆಯ ಮಧ್ಯಮ ಹಂತಗಳಾದ ಬಿ1, ಬಿ2 ಇಲ್ಲದೆ ಕಷ್ಟ, ಅಷ್ಟು ಕಲಿಯೋಕೆ ವರ್ಷ ಬೇಕು. ಅವರ ಕೆಲಸ ಏನು ಅಂತ ನೀವು ಬರೆದೇ ಇಲ್ಲ! ಈ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇಬ್ಬರೂ ದುಡಿಯೋಕೆ ಶುರು ಮಾಡಿದಾಗ 3/5 ವರ್ಗ (ನಿಮಗೆ 3, ಅವರಿಗೆ 5) ಇಟ್ಟುಕೊಂಡರೆ ಅವರ ಚೀಟಿಯಲ್ಲಿ ಕಡಿತ ನೋಡಿ ಎದೆ ಝಲ್ಲೆನ್ನುತ್ತೆ. 4/4ಕ್ಕೆ (ಇಬ್ಬರಿಗೂ 4) ಬದಲಿಸಿ. ಜಂಟಿ ರಿಟರ್ನ್ ಹಾಕಿದರೆ ವರ್ಷದ ತೆರಿಗೆ ಎರಡರಲ್ಲೂ ಒಂದೇ.

ಬ್ಯಾಕೆಂಡ್_ಭಟ್ಟ

ಅವಳದ್ದು ಅಕೌಂಟ್ಸ್. ಜರ್ಮನ್ ಶುರುವೇ ಮಾಡಿಲ್ಲ. ಇನ್ನೊಂದು: ಸಂಬಳ 2025ರ ಮಿತಿ 73,800 (ಅದನ್ನ ದಾಟಿದವರು ಪ್ರೈವೇಟ್ ವಿಮೆಗೆ ಹೋಗಬಹುದಿತ್ತು) ದಾಟಿದೆ, ಪ್ರೈವೇಟ್ ಆರೋಗ್ಯ ವಿಮೆ ತಗೊಂಡರೆ ಅಗ್ಗ ಅಂತ ಒಬ್ಬ ಏಜೆಂಟ್ ಹೇಳ್ತಿದಾರೆ. ನಿಜವೇ? ಮೊದಲ ತಿಂಗಳಿಗೆ ಎಷ್ಟು ಹಣ ತರಬೇಕು?

ಇಸಾರ್_ದಂಡೆ

ಬೇಡ. ಸರ್ಕಾರಿ ವಿಮೆಯಲ್ಲಿ ದುಡಿಯದ ಹೆಂಡತಿ, ಮಗು ಇಬ್ಬರೂ ನಿಮ್ಮ ಕಂತಿನಲ್ಲೇ ಉಚಿತ. ಪ್ರೈವೇಟಲ್ಲಿ ತಲೆಗೊಂದು ಪ್ರೀಮಿಯಂ. ಏಜೆಂಟ್ ನಿಮ್ಮೊಬ್ಬರ ದರ ತೋರಿಸಿರ್ತಾರೆ. ಈ ಮಿತಿ ದಾಟಿದ ಸಂಬಳದಲ್ಲಿ ಜರ್ಮನಿಯ ಮೊದಲ ಕೆಲಸಕ್ಕೆ ಸೇರೋರು ಸರ್ಕಾರಿ ವಿಮೆಗೆ ಸ್ವಯಂ ಸದಸ್ಯರಾಗೋಕೆ 3 ತಿಂಗಳ ಗಡುವು. ಅದು ತಪ್ಪಿದರೆ ವಾಪಸ್ ಬರೋದು ಸುಲಭ ಅಲ್ಲ.

ಹಣ: ಠೇವಣಿ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ, ನಿಮಗೆ 5,100. ಮೂರು ಕಂತಿನಲ್ಲಿ ಕೊಡೋ ಹಕ್ಕಿದೆ. ಮೊದಲ ಬಾಡಿಗೆ 2,050. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಗೋಡೆ ಮತ್ತು ನಲ್ಲಿಯ ಪೈಪು. ಸಿಂಕು, ಒಲೆ, ಕಪಾಟು ನೀವೇ ಹಾಕಿಸಬೇಕು ಇಲ್ಲ ಹಳೇ ಬಾಡಿಗೆದಾರರಿಂದ ಕೊಳ್ಳಬೇಕು. ಅದಕ್ಕೆ, ಮಂಚ ಹಾಸಿಗೆಗೆ 4,000 ಇಡಿ. ಸಂಬಳ ತಿಂಗಳ ಕೊನೆಗೆ. 12,000 ಯೂರೋ ಕೈಯಲ್ಲಿಲ್ಲದೆ ಕುಟುಂಬ ಸಮೇತ ಹೊರಡಬೇಡಿ. ಮನೆ ನೋಡೋ ಮುಂಚೆ ಠೇವಣಿ ಕೇಳಿದರೆ ಅದು ಮೋಸ, ಎರಡನೇ ಯೋಚನೆ ಬೇಡ.

ಕಂಪನಿ ಹತ್ರ ಸಂಬಳದಲ್ಲಿ 5,000 ಹೆಚ್ಚು ಕೇಳೋಕಿಂತ ಮೊದಲು 2 ತಿಂಗಳ ವಾಸ್ತವ್ಯ ಕೇಳಿ, ವಿಳಾಸ ನೋಂದಣಿಗೆ ಒಪ್ಪೋ ಮನೆಯೇ ಆಗಬೇಕು. ನೋಂದಣಿ ಆಗದೆ ತೆರಿಗೆ ಸಂಖ್ಯೆ ಬರಲ್ಲ. ಸಂಖ್ಯೆ ತಡವಾದರೆ ಅತಿ ಹೆಚ್ಚು ಕಡಿತದ 6ನೇ ವರ್ಗದಲ್ಲಿ ತೆರಿಗೆ ಮುರಿದುಕೊಳ್ತಾರೆ. ಆಮೇಲೆ ಸರಿಹೋಗುತ್ತೆ, ಆದರೆ ದುಡ್ಡು ಬೇಕಾಗಿರೋದೇ ಆ ತಿಂಗಳಲ್ಲಿ. ಮದುವೆ ಪ್ರಮಾಣಪತ್ರದ ಜರ್ಮನ್ ಅನುವಾದ ಜೊತೆಗಿರಲಿ, ಇಲ್ಲದಿದ್ದರೆ ಮದುವೆಯಾದವರ ತೆರಿಗೆ ವರ್ಗ ಸಿಗೋದು ತಡ.

ಎನ್ಆರ್‌ಓ_ನಂಜುಂಡ

ಎರಡು ವಿಷಯ ಬಿಟ್ಟುಹೋಗಿದೆ. ಒಂದು, ಪಿಂಚಣಿಗೆ ನಿಮ್ಮಿಂದ ಹೋಗೋ 581 ಪೂರ್ತಿ ನಷ್ಟ ಅಲ್ಲ. 60 ತಿಂಗಳು ತುಂಬೋಕೆ ಮುಂಚೆ ಭಾರತಕ್ಕೆ ಮರಳಿದರೆ, 24 ತಿಂಗಳು ಕಾದು ನಿಮ್ಮ ಪಾಲನ್ನು ವಾಪಸ್ ಪಡೀಬಹುದು. ಕಂಪನಿ ಪಾಲು ಇಲ್ಲ, ಬಡ್ಡಿಯೂ ಇಲ್ಲ. 60 ದಾಟಿದರೆ ವಯಸ್ಸಾದ ಮೇಲೆ ಪಿಂಚಣಿ ರೂಪದಲ್ಲೇ. ಇದನ್ನ ಸೇರಿಸಿದರೆ ನಿಮ್ಮ 80 ಸಾವಿರ 1.38 ಲಕ್ಷ ಆಗುತ್ತೆ, ಅಂತರ ಕಾಗದದ ಮೇಲೆ ಹೆಚ್ಚುಕಮ್ಮಿ ಮುಚ್ಚುತ್ತೆ. ತಿಂಗಳ ಕೊನೆಯ ಇಕ್ಕಟ್ಟು ಮುಚ್ಚಲ್ಲ.

ಎರಡು, ವರ್ಷದ ಮಧ್ಯೆ ಜರ್ಮನಿಗೆ ಹೋದರೆ ಆ ವರ್ಷ ಭಾರತದಲ್ಲಿ ದುಡಿದ ಸಂಬಳಕ್ಕೆ ಅಲ್ಲಿ ತೆರಿಗೆ ಹಾಕಲ್ಲ, ಆದರೆ ತೆರಿಗೆ ದರ ನಿರ್ಧಾರಕ್ಕೆ ಅದನ್ನೂ ಸೇರಿಸ್ತಾರೆ. ಜಂಟಿ ರಿಟರ್ನ್ ಆದರೆ ಮನೆಯವರ ಸಂಬಳವೂ ಸೇರುತ್ತೆ. ಅರ್ಧ ವರ್ಷ ಅಷ್ಟೇ ದುಡಿದಿದ್ದು, ದೊಡ್ಡ ರಿಫಂಡ್ ಬರುತ್ತೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ.

ಇಲ್ಲಿರೋ ಉಳಿತಾಯ ಖಾತೆಯನ್ನ ಎನ್ಆರ್‌ಓ (ಅನಿವಾಸಿಗಳ ಭಾರತದ ಆದಾಯಕ್ಕಿರೋ ಖಾತೆ) ಮಾಡಿಸಿ, ಯೂರೋ ಕಳಿಸೋಕೆ ಎನ್ಆರ್‌ಇ (ಅನಿವಾಸಿಗಳ ವಿದೇಶಿ ದುಡಿಮೆಗಿರೋ ಖಾತೆ) ತೆರೆಯಿರಿ. ಇರೋ ಪಿಪಿಎಫ್ ಅವಧಿ ಮುಗಿಯೋವರೆಗೆ ನಡೆಯುತ್ತೆ, ಹೊಸದು ತೆರೆಯೋಕಾಗಲ್ಲ. ಸೇರೋ ತಾರೀಖನ್ನ ನಾಲ್ಕಾರು ತಿಂಗಳು ಮುಂದೆ ಹಾಕಿಸೋಕೆ ಆಗುತ್ತಾ ಕೇಳಿ. ಅಷ್ಟರಲ್ಲಿ ಮನೆಯವರು ಎ2 ಮುಗಿಸಿದರೆ, ಅಲ್ಲಿ ಹೋಗಿ ಬಿ1 ಕ್ಲಾಸಿಗೆ ನೇರ ಕೂರಬಹುದು.