ಅಪ್‌ಡೇಟ್: ಚಕ್ರಗಳ ಉದ್ದ ಮತ್ತು ಶೇಷದ ಪ್ರಶ್ನೆ ಬಗೆಹರಿಯಿತು

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನನ್ನ ಪ್ರಶ್ನೆ ಇದು: ಏಕಮುಖ ರಸ್ತೆಗಳ ಗ್ರಾಫ್‌ನಲ್ಲಿ (ಜಾಲದಲ್ಲಿ) v ನೋಡ್‌ನಿಂದ (ರಸ್ತೆಗಳು ಸೇರುವ ಜಾಗದಿಂದ) ಹೊರಡುವಾಗ ಸಾಗಿದ ದೂರ ಅಳೆಯುವ ಮೀಟರ್ s ತೋರಿಸುತ್ತಿದೆ, t ಮುಟ್ಟಿದರೆ ಸೊನ್ನೆಗೆ ತಿರುಗುತ್ತದೆ. ಮೀಟರ್ ಸೊನ್ನೆ ಇರುವಂತೆ v ಗೆ ವಾಪಸ್ ಬರಬಹುದೇ?

ಕೀಲಿ ಇರುವುದು ಇಲ್ಲಿ: x ಉದ್ದದ ಚಕ್ರವನ್ನು (ಹೊರಟಲ್ಲಿಗೇ ಮರಳುವ ದಾರಿಯನ್ನು) t−1 ಸಲ ಸುತ್ತಿದರೆ t ಲೆಕ್ಕದಲ್ಲಿ, ಅಂದರೆ t ಯಿಂದ ಭಾಗಿಸಿದಾಗಿನ ಶೇಷದ ಲೆಕ್ಕದಲ್ಲಿ, ಅದು −x ಆಗುತ್ತದೆ. ಅಂದರೆ ಕೂಡುವುದಷ್ಟೇ ಅಲ್ಲ, ಕಳೆಯುವುದೂ ಸಾಧ್ಯ! ದೂರದ ಚಕ್ರಕ್ಕೆ ಹೋಗಿಬರುವ ದಾರಿಯ ಉದ್ದವನ್ನೂ ಹೀಗೆಯೇ ಅಳಿಸಿಹಾಕಬಹುದು. ಹಾಗಾಗಿ v ಇರುವ ಸ್ಟ್ರಾಂಗ್ಲಿ ಕನೆಕ್ಟೆಡ್ ಕಾಂಪೊನೆಂಟ್‌ನ (ಯಾವ ನೋಡ್‌ನಿಂದ ಯಾವ ನೋಡ್‌ಗಾದರೂ ಹೋಗಿಬರಬಹುದಾದ ಭಾಗದ) ಎಲ್ಲ ಚಕ್ರಗಳ ಉದ್ದದ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) G ಗೊತ್ತಾದರೆ ಸಾಕು. G ಮತ್ತು t ಗಳ ಮ.ಸಾ.ಅ. s ಅನ್ನು ಭಾಗಿಸಿದರೆ ಉತ್ತರ ಹೌದು, ಇಲ್ಲವಾದರೆ ಇಲ್ಲ.

ಚಕ್ರಗಳನ್ನು ಒಂದೊಂದಾಗಿ ಹುಡುಕಬೇಕಿಲ್ಲ. ನನಗೆ ತುಂಬ ಇಷ್ಟವಾದ ಭಾಗ ಇದೇ. ಕಾಂಪೊನೆಂಟ್‌ನ ಒಂದು ನೋಡ್‌ನಿಂದ ಡಿಎಫ್‌ಎಸ್ (ಒಂದು ದಾರಿಯಲ್ಲಿ ಕೊನೆವರೆಗೂ ಹೋಗಿ, ಹಿಂದಿರುಗಿ ಮುಂದಿನದನ್ನು ನೋಡುವ ಹುಡುಕಾಟ) ನಡೆಸಿ, ಪ್ರತಿ ನೋಡ್‌ಗೆ ಸಾಗಿದ ದೂರ d ಬರೆದುಕೊಳ್ಳಿ. ಒಳಗಿನ, w ಉದ್ದದ ಪ್ರತಿ a→b ಎಡ್ಜ್‌ಗೆ (ರಸ್ತೆಗೆ) d[a]+w−d[b] ಲೆಕ್ಕ ಹಾಕಿ, ಎಲ್ಲದರ ಮ.ಸಾ.ಅ. ತೆಗೆದರೆ ಅದೇ G. ಚಕ್ರದ ಸುತ್ತ ಕೂಡಿದಾಗ d ಗಳೆಲ್ಲ ರದ್ದಾಗಿ ಉದ್ದವಷ್ಟೇ ಉಳಿಯುತ್ತದೆ.

ಉದಾಹರಣೆಗೆ (ಆವರಣದಲ್ಲಿರುವುದು ಉದ್ದ) 1→2 (4), 2→3 (5), 3→1 (6), 3→2 (7). d ಕ್ರಮವಾಗಿ 0, 4, 9. ಕೊನೆಯ ಎರಡು ಎಡ್ಜ್‌ಗಳಿಂದ 15 ಮತ್ತು 12, ಆದ್ದರಿಂದ G=3. t=10 ಇದ್ದರೆ ಯಾವ s ಆದರೂ ಸರಿ; t=12 ಆದರೆ 3ರ ಗುಣಕಗಳು ಮಾತ್ರ.

ಕಾಂಪೊನೆಂಟ್‌ಗಳನ್ನು ಹುಡುಕಲು ಟಾರ್ಜನ್ ಅಲ್ಗಾರಿದಮ್ ಬಳಸಿದೆ. ಆಮೇಲೆ ಪ್ರತಿ v, s, t ಪ್ರಶ್ನೆಗೂ ಒಂದೇ ಮ.ಸಾ.ಅ. ಲೆಕ್ಕ.