ಶಾಸಕರು ಪೈಪ್‌ಲೈನ್‌ಗೆ ಬೆಂಬಲ ಎನ್ನುತ್ತಾರೆ, ನನ್ನ ಅಡಿಕೆ ತೋಟದ ಗತಿ ಏನು?

ಎರಡೆಕರೆ ತೋಟದವನು:
ಮೊನ್ನೆ ಗ್ರಾಮಸಭೆಯಲ್ಲಿ ನಮ್ಮ ಶಾಸಕರು ನೈಸರ್ಗಿಕ ಅನಿಲದ ಪೈಪ್‌ಲೈನ್‌ಗೆ ತಮ್ಮ ಪೂರ್ಣ ಬೆಂಬಲವಿದೆ, ಮನೆಮನೆಗೆ ನಲ್ಲಿ ನೀರಿನ ಹಾಗೆ ಗ್ಯಾಸ್ ಬರುತ್ತದೆ ಎಂದು ಹೇಳಿ, ಕಾಫಿ ಕುಡಿದು ಹೊರಟರು. ಮಾರ್ಗ ನನ್ನ ತೋಟದ ಮೇಲೆಯೇ ಹೋಗುತ್ತದಂತೆ. ‘ಜಮೀನು ನಿಮ್ಮ ಹೆಸರಿನಲ್ಲೇ ಇರುತ್ತದೆ, ಹೆದರಬೇಡಿ’ ಎಂದರು. ಹಾಗಾದರೆ ಮರ ಕಡಿದ ಜಾಗದಲ್ಲಿ ಮತ್ತೆ ಸಸಿ ಇಡಬಹುದೇ?

ತುಮಕೂರು ಜಿಲ್ಲೆಯ ರೈತ:
ಇಡುವಂತಿಲ್ಲ. ಶಾಸಕರು ಸುಳ್ಳು ಹೇಳಲಿಲ್ಲ, ಅರ್ಧಕ್ಕೆ ನಿಲ್ಲಿಸಿದರು ಅಷ್ಟೇ. ದಾಭೋಲ್–ಬೆಂಗಳೂರು ಮಾರ್ಗ ನನ್ನ ಹೊಲದಲ್ಲಿ ಹಾದುಹೋಗಿದೆ. 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಅವರು ಭೂಮಿ ಕೊಳ್ಳುವುದಿಲ್ಲ, ಬಳಕೆಯ ಹಕ್ಕು ಪಡೆಯುತ್ತಾರೆ. ಕೊಳವೆ ಹಾದುಹೋಗುವ ಆ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಇದಕ್ಕೆ ಸಿಗುವುದು ಜಮೀನಿನ ಮಾರುಕಟ್ಟೆ ಬೆಲೆಯ ಶೇ 10. ಕಡಿದ ಮರಕ್ಕೆ, ಹಾಳಾದ ಬೆಳೆಗೆ ಪರಿಹಾರ ಬೇರೆ.

ನನ್ನದು ರಾಗಿ ಹೊಲ, ಕೊಳವೆಗೆ ತೋಡಿದ ಕಾಲುವೆ ಮುಚ್ಚಿದ ಮೇಲೆ ಮತ್ತೆ ಉತ್ತೆ. ಆದರೆ ಗುತ್ತಿಗೆದಾರನ ಜನ ಮೇಲ್ಮಣ್ಣನ್ನೂ ಅಡಿಯ ಗರಸನ್ನೂ ಕಲಸಿ ಎಳೆದಿದ್ದರು. ಮೂರು ವರ್ಷ ಆ ಪಟ್ಟಿಯಲ್ಲಿ ಪೈರು ಮೊಣಕಾಲು ದಾಟಲಿಲ್ಲ. ದಿಬ್ಬದ ಮೇಲೆ ನಿಂತು ನೋಡಿದರೆ ಹೊಲಕ್ಕೆ ಬೈತಲೆ ತೆಗೆದ ಹಾಗೆ ಕಾಣುತ್ತಿತ್ತು. ರಾಗಿಗೆ ಶೇ 10 ಹೇಗೋ ಒಪ್ಪಬಹುದು. ಅಡಿಕೆಗೆ ಅದೇ ಲೆಕ್ಕ ಹಾಕುವುದು ಅನ್ಯಾಯ. ಮರದ ಬೇಸಾಯದಲ್ಲಿ ಪಟ್ಟಿ ಹೋಯಿತೆಂದರೆ ಹೋಯಿತು.

ಒಪ್ಪಿಗೆ ಕೊಡುವುದು ಕೇಂದ್ರ, ಶಾಸಕರಲ್ಲ. ಬೆಂಬಲ ಎನ್ನುವುದಕ್ಕೆ ಅವರಿಗೆ ಕಾಸೂ ಖರ್ಚಿಲ್ಲ. ಮಾರ್ಗವನ್ನು ತೋಟದ ಅಂಚಿಗೆ ಸರಿಸಿ ಎಂದು ಆಕ್ಷೇಪಣೆ ಕೇಳುವ ಅಧಿಕಾರಿ, ಅಂದರೆ ಸಕ್ಷಮ ಪ್ರಾಧಿಕಾರಿಯ ಮುಂದೆ ನಿಮ್ಮ ಜೊತೆ ಬಂದು ಕೂರಲಿ, ಆಗ ನಂಬೋಣ. ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ 21 ದಿನ ಮಾತ್ರ. ಬರೆದು ಕೊಡಿ, ನಿಮ್ಮ ಪ್ರತಿಗೆ ಮೊಹರು ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ಸುರತ್ಕಲ್ ನಿವಾಸಿ:
ಎಲ್ಲದಕ್ಕೂ ಅಡ್ಡಗಾಲು ಹಾಕಿದರೆ ಹೇಗೆ? 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಮಾರ್ಗದಿಂದಲೇ ಪಣಂಬೂರಿನ ಗೊಬ್ಬರ ಕಾರ್ಖಾನೆ ನಾಫ್ತಾ ಎಂಬ ಪೆಟ್ರೋಲಿಯಂ ಎಣ್ಣೆ ಬಿಟ್ಟು ಅನಿಲಕ್ಕೆ ಬದಲಾಯಿತು. ಆ ಯೂರಿಯಾ ನಿಮ್ಮ ತೋಟಕ್ಕೂ ಬರುತ್ತದಲ್ಲ.

ತುಮಕೂರು ಜಿಲ್ಲೆಯ ರೈತ:
ಬೇಡ ಎಂದವರು ಯಾರು, ಸ್ವಾಮಿ? ಸರಿಸಿ ಎಂದೆ. ಇನ್ನೊಂದು ಮಾತು: ಹೊಲದಡಿ ಹೋಗುವ ದೊಡ್ಡ ಕೊಳವೆಯಿಂದ ನೇರವಾಗಿ ಒಲೆಗೆ ಗ್ಯಾಸ್ ಬರುವುದಿಲ್ಲ. ಒತ್ತಡ ಇಳಿಸಿ, ವಾಸನೆ ಬೆರೆಸಿ, ಬೇರೆ ಪರವಾನಗಿಯ ಬೇರೆ ಜಾಲದಲ್ಲಿ ಹಂಚಬೇಕು. ನನ್ನ ಹೊಲದಲ್ಲಿ ಹಳದಿ ಗುರುತುಕಂಬ ನಿಂತಿದೆ, ಅಡುಗೆಮನೆಯಲ್ಲಿ ಇಂದಿಗೂ ಸಿಲಿಂಡರ್.

ಎರಡೆಕರೆ ತೋಟದವನು:
ಇಬ್ಬರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಸರ್ವೆಯವರು ಬಂದು ಗೂಟ ಹೊಡೆದು ಹೋದರು. ತೋಟದ ನಟ್ಟನಡುವೆ, ಬಾವಿಕಟ್ಟೆಯಿಂದ ಹದಿನಾಲ್ಕು ಹೆಜ್ಜೆ. ಎರಡು ಗೂಟಗಳ ನಡುವಿನ ಮರ ಎಣಿಸುತ್ತಾ ಹೋದೆ, ಅರವತ್ತೆರಡು. ಶಾಸಕರಿಗೆ ಎರಡು ಸಲ ಫೋನ್ ಮಾಡಿದೆ. ಸಭೆಯಲ್ಲಿದ್ದಾರಂತೆ.