ಚಂಡಮಾರುತದ ಮಳೆಯೂ ಮನೆಯ ಹಿಂದಿನ ಧರೆಯೂ

ಪ್ರಶ್ನೆ (ದೇವಿಮನೆ ಘಟ್ಟದ ಬುಡದಿಂದ)

ನಮ್ಮ ಮನೆ ಶಿರಸಿ–ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟದ ಬುಡದಲ್ಲಿದೆ. ಅಡಿಕೆ ಒಣಗಿಸಲು ಅಂಗಳ ಸಾಲದೆಂದು ಕೆಲವು ವರ್ಷಗಳ ಹಿಂದೆ ಹಿಂಬದಿಯ ಗುಡ್ಡವನ್ನು ನೆಟ್ಟಗೆ ಕಡಿಸಿದೆವು. ಈಗ ಅಡುಗೆಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಎರಡಾಳೆತ್ತರದ ಧರೆ ನಿಂತಿದೆ. ಕಳೆದ ಮಳೆಗಾಲದಲ್ಲಿ ಅದರ ನಡುವಿನಿಂದ ಜಿನುಗುವ ನೀರು ಎರಡು ದಿನ ಸುಣ್ಣದ ನೀರಿನಂತೆ ಬೆಳ್ಳಗೆ ಬಂತು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದಾಗಲೆಲ್ಲ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತಾರೆ; ಕಡಲಿನಿಂದ ಇಷ್ಟು ಒಳಗಿರುವ ನಾವೂ ಹೆದರಬೇಕೇ? ಗುಡ್ಡದ ಮೇಲೆ ಇಂಗುಗುಂಡಿ ತೋಡಿಸಿದರೆ ನೀರಿನ ರಭಸ ತಗ್ಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅದು ಸರಿಯೇ?

ಉತ್ತರ 1 (ಕಾರವಾರದಿಂದ)

ಖಂಡಿತ ಎಚ್ಚರವಾಗಿರಬೇಕು. ಚಂಡಮಾರುತ ನೆಲ ಹತ್ತಿದ ಮೇಲೆ ಗಾಳಿ ಬೇಗ ಸೋಲುತ್ತದೆ, ಆದರೆ ಅದು ಹೊತ್ತು ತಂದ ತೇವ ಗುಡ್ಡಕ್ಕೆ ಬಡಿದು, ಮೇಲೇರಿ, ತಣಿದು ಅಲ್ಲಿಯೇ ಸುರಿಯುತ್ತದೆ. 2009ರ ಆಗಸ್ಟ್‌ನಲ್ಲಿ ತೈವಾನಿಗೆ ಬಂದ ಮೊರಾಕೋಟ್ ಬಹಳ ನಿಧಾನವಾಗಿ ಸಾಗಿದ್ದರಿಂದ, ಶಿರಸಿಯಲ್ಲಿ ಒಂದು ವರ್ಷಕ್ಕೆ ಬೀಳುವಷ್ಟು ಮಳೆ, ಅಂದರೆ 2,500 ಮಿ.ಮೀ.ಗೂ ಹೆಚ್ಚು, ಅಲಿಶಾನ್ ಬೆಟ್ಟದಲ್ಲಿ ಕೆಲವೇ ದಿನಗಳಲ್ಲಿ ಸುರಿಯಿತು. ಶಿಯಾವೋಲಿನ್ ಎಂಬ ಹಳ್ಳಿಯ ಮೇಲೆ ಬೆಟ್ಟ ಜಾರಿ ನಾನೂರಕ್ಕೂ ಹೆಚ್ಚು ಜನ ಸತ್ತರು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಫ್ಲಾರಿಡಾದ ಕರಾವಳಿಗೆ ಅಪ್ಪಳಿಸಿತಾದರೂ, ನೂರಾರು ಕಿಲೋಮೀಟರ್ ಒಳಗಿರುವ ಉತ್ತರ ಕೆರೊಲಿನಾದ ಬೆಟ್ಟಸೀಮೆಯಲ್ಲಿ ನೆರೆಯೂ ಕುಸಿತವೂ ಭೀಕರವಾಗಿದ್ದವು. ಹೆಲೀನ್ ತಲುಪುವ ಮೊದಲೇ ಬಿದ್ದ ಮಳೆಯಿಂದ ಅಲ್ಲಿನ ನೆಲ ನೆನೆದು ನಿಂತಿತ್ತು.

ನಮ್ಮ ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರ್ 2ರಂದು ಗುಡ್ಡ ಕುಸಿದು 19 ಜನ ಮಣ್ಣುಪಾಲಾದದ್ದೂ ಹೀಗೆಯೇ. ಮಳೆಗಾಲ ಮುಗಿಯುತ್ತ ಬಂದಿದ್ದ ಹೊತ್ತು ಅದು. ನಾಲ್ಕು ತಿಂಗಳು ನೀರು ಕುಡಿದಿದ್ದ ಗುಡ್ಡದ ಮೇಲೆ ಮತ್ತೆ ಭಾರೀ ಮಳೆ ಬಿತ್ತು. ಅಕ್ಟೋಬರ್‌ನ ವಾಯುಭಾರ ಕುಸಿತದ ಸುದ್ದಿಯನ್ನು ಜೂನ್‌ನ ಸುದ್ದಿಗಿಂತ ಹೆಚ್ಚು ಗಮನವಿಟ್ಟು ಕೇಳಿ.

ಉತ್ತರ 2 (ಶಿರಸಿಯಿಂದ)

ದಯವಿಟ್ಟು ಅಲ್ಲಿ ಇಂಗುಗುಂಡಿ ತೋಡಿಸಬೇಡಿ. ಸಮತಟ್ಟಾದ ಬೇಣದಲ್ಲಿ ಅದು ಒಳ್ಳೆಯ ಕೆಲಸ, ನಾನೂ ಮಾಡಿಸಿದ್ದೇನೆ. ಕಡಿದ ಧರೆಯ ನೆತ್ತಿಯಲ್ಲಿ ಮಾತ್ರ ಕೂಡದು. ನಮ್ಮ ಕಡೆಯ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ಹೆಚ್ಚಾಗಿ ಶೇಡಿ ಮಣ್ಣು, ಅಂದರೆ ಬಿಳಿ ಜೇಡಿ. ಜಂಬಿಟ್ಟಿಗೆಯ ಸಂದುಗಳಲ್ಲಿ ಸರಸರನೆ ಇಳಿದ ನೀರು ಶೇಡಿಯ ಮೇಲೆ ತಡೆದು ನಿಂತು, ಮಣ್ಣಿನ ಕಣಗಳನ್ನು ಒಂದರಿಂದೊಂದು ದೂಡಿ ಅದರ ಹಿಡಿತವನ್ನೇ ಸಡಿಲಿಸುತ್ತದೆ. ನೀವು ಕಂಡ ಬಿಳಿ ನೀರು ಆ ಶೇಡಿ ಕರಗಿ ಬಂದದ್ದೇ ಇರಬೇಕು. ಬುಡ ಕಡಿದ ಗುಡ್ಡಕ್ಕೆ ಆಗ ಆಸರೆ ಎಲ್ಲಿಯದು? 2024ರ ಜುಲೈ 16ರಂದು ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಗಂಗಾವಳಿಗೆ ಜಾರಿದಾಗ, ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು.

ಧರೆಯ ನೆತ್ತಿಯಿಂದ ಸಾಕಷ್ಟು ಹಿಂದೆ ನೀರು ಇಂಗದಂತಹ ಅಡ್ಡಗಾಲುವೆ ಮಾಡಿಸಿ, ಅದನ್ನು ಹಳ್ಳಕ್ಕೆ ಸೇರಿಸಿ. ಧರೆಯನ್ನು ಬೇಸಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿಸಬಹುದು, ಆದರೆ ಬಲ್ಲ ಎಂಜಿನಿಯರ್ ಒಬ್ಬರು ನೋಡಿದ ಮೇಲೆ. ನೀರು ಹೊರಬರಲು ತೂತುಗಳಿಲ್ಲದ ಕಲ್ಲಿನ ಗೋಡೆ ಕಟ್ಟಿಸಿದರೆ ಅದು ಮಣ್ಣಿನ ಜೊತೆಗೆ ನೀರನ್ನೂ ಹೊರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಂದು ಬೆಳಿಗ್ಗೆ ಮಗನೊಂದಿಗೆ ಮೇಲೆ ಹತ್ತಿ ನೋಡಿದೆ. ದರಕು (ಉದುರಿದ ಒಣ ಎಲೆ) ಸರಿಸಿದಾಗ ಮತ್ತಿಮರದ ಬುಡದಿಂದ ಸುಮಾರು ಹದಿನೈದು ಅಡಿ ಉದ್ದಕ್ಕೆ, ಬೆರಳು ಇಳಿಯುವಷ್ಟು ಅಗಲದ ಬಿರುಕು ಕಂಡಿತು. ಕೋಲು ಹಾಕಿದರೆ ಮೊಣಕೈವರೆಗೆ ಹೋಗುತ್ತದೆ. ಏನು ಮಾಡಲಿ?

ಉತ್ತರ 3 (ಭಟ್ಕಳದಿಂದ)

ಬಿರುಕಿಗೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಒತ್ತಿ, ಮೇಲೆ ತಾಡಪಾಲು ಹೊದಿಸಿ; ನೀರು ಇಳಿಯಬಾರದು. ಅದರ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರವನ್ನು ಬರೆದಿಡಿ, ವಾರಕ್ಕೊಮ್ಮೆ ಅಳೆಯಿರಿ. ಪಂಚಾಯಿತಿಗೂ ತಹಶೀಲ್ದಾರರಿಗೂ ಇಂದೇ ಲಿಖಿತವಾಗಿ ತಿಳಿಸಿ. ಅಂತರ ಹೆಚ್ಚಿದರೆ, ಒರತೆ ಮತ್ತೆ ಬೆಳ್ಳಗಾದರೆ ಅಥವಾ ಇದ್ದಕ್ಕಿದ್ದಂತೆ ನಿಂತುಹೋದರೆ, ಮಳೆ ಬಿಡಲಿ ಎಂದು ಕಾಯದೆ ಮನೆ ಬಿಡಿ. 2022ರ ಆಗಸ್ಟ್‌ನಲ್ಲಿ ನಮ್ಮ ಮುಟ್ಟಳ್ಳಿಯಲ್ಲಿ ಗುಡ್ಡ ಬಿದ್ದಾಗ ಒಂದೇ ಮನೆಯ ನಾಲ್ವರು ತೀರಿಕೊಂಡರು. ಭಾರೀ ಮಳೆಯ ಮುನ್ಸೂಚನೆ ಇರುವ ರಾತ್ರಿಗಳಲ್ಲಿ ಮಲಗಲು ಯಾರ ಮನೆಗೆ ಹೋಗುವಿರಿ ಎಂಬುದನ್ನು ಈಗಲೇ ಮಾತನಾಡಿಟ್ಟುಕೊಳ್ಳಿ.